ತಾಯಿ ಕಾರ್ಡಿನಲ್ಲಿ ಅಜ್ಜಿಗೂ ಒಂದು ಸಾಲು ಕೊಡಿ

ಮಾನ್ಯ ಸಂಪಾದಕರೇ,

ನಾನು ಬೆಳ್ತಂಗಡಿ ತಾಲೂಕಿನವಳು. 1985ರಿಂದ 2022ರ ವರೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಊರಿನವರ ಬಾಯಲ್ಲಿ ನರ್ಸಮ್ಮ. ಬಸುರಿಯರ ಹೆಸರು ಬರೆದುಕೊಳ್ಳುವುದು, ಟಿಟಿ ಚುಚ್ಚುವುದು, ಕಬ್ಬಿಣದ ಮಾತ್ರೆ ಕೊಡುವುದು, ತೂಕ ನೋಡುವುದು, ಇದರಲ್ಲೇ 37 ವರ್ಷ ಹೋಯಿತು. ಗೇರು ತೋಟಕ್ಕೆ ಬಿಡುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕತ್ತರಿಸಿ ಇಟ್ಟಿದ್ದೇನೆ. ಈವರೆಗೆ ಬರೆದವಳಲ್ಲ. ಈಗ ಬರೆಯುತ್ತಿರುವುದು ನನ್ನ ಮೊಮ್ಮಗಳಿಂದಾಗಿ.

ಕಳೆದ ವರ್ಷ ಅವಳು ದೊಡ್ಡವಳಾದಳು. ಒಂಬತ್ತೂವರೆ ವರ್ಷ, ನಾಲ್ಕನೇ ಕ್ಲಾಸು. ಶಾಲೆಯಿಂದ ಫೋನ್ ಬಂದಾಗ ಮಗಳು ಆಫೀಸಿನಲ್ಲಿದ್ದಳು, ನಾನೇ ಆಟೋ ಮಾಡಿಕೊಂಡು ಹೋದೆ. ಮಗು ಟೀಚರ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಕೂತಿತ್ತು. "ಅಜ್ಜಿ, ನಾನು ಎಲ್ಲಿಯೂ ಬಿದ್ದಿಲ್ಲ, ಆದ್ರೂ ಗಾಯ ಆಗಿದೆ" ಎಂದಳು. ಸಾವಿರಾರು ಹೆಂಗಸರಿಗೆ ಧೈರ್ಯ ಹೇಳಿದವಳಿಗೆ ಆ ಹೊತ್ತು ಒಂದು ಮಾತೂ ಬರಲಿಲ್ಲ.

ಮಂಗಳೂರಿನಲ್ಲಿ ತೋರಿಸಿದೆವು. ಒಳ್ಳೆಯ ಡಾಕ್ಟರು. ಕೈಯ ಎಕ್ಸ್‌ರೇ ತೆಗೆಸಿದರು, ಹಾರ್ಮೋನ್ ಪರೀಕ್ಷೆ ಮಾಡಿಸಿದರು. ಒಂದು ಫಾರಂ ತುಂಬಿಸಿಕೊಂಡರು. ತಾಯಿ ಯಾವಾಗ ದೊಡ್ಡವಳಾದದ್ದು? ವಂಶದಲ್ಲಿ ಸಕ್ಕರೆ ಕಾಯಿಲೆ, ಥೈರಾಯ್ಡ್ ಉಂಟಾ? ಮಗಳು ತನ್ನದನ್ನು ಹೇಳಿದಳು. ಪಿಸಿಒಡಿ ಎಂಬ ಅಂಡಾಶಯದ ತೊಂದರೆ, ಥೈರಾಯ್ಡ್ ಮಾತ್ರೆ, ಮದುವೆಯಾದ ಮೇಲೆ ಮಗುವಿಗಾಗಿ ಮೂರು ವರ್ಷ ಆಸ್ಪತ್ರೆಗೆ ಅಲೆದದ್ದು. ನನ್ನ ಕಡೆ ತಿರುಗಿ, "ಅಜ್ಜಿಗೆ ಏನಾದರೂ?" ಎಂದರು. ಇಲ್ಲ ಎಂದೆ. ಫಾರಂನಲ್ಲಿ ಇಲ್ಲ ಎಂದೇ ಬರೆದುಕೊಂಡರು.

ನಾನು ಹೇಳಬೇಕಾದದ್ದು ಬೇರೆ ಇತ್ತು. ಅದಕ್ಕೆ ಆ ಫಾರಂನಲ್ಲಿ ಜಾಗ ಇರಲಿಲ್ಲ.

1987ರ ಡಿಸೆಂಬರಿನಲ್ಲಿ ನನಗೆ ಐದು ತಿಂಗಳು. ಹೊಟ್ಟೆಯಲ್ಲಿ ಇದೇ ಮಗಳು. ನಮ್ಮ ಮನೆಯ ಹಿಂದಿನ ಗುಡ್ಡೆ ತುಂಬಾ ಗೇರು ತೋಟ. ಹೂ ಬಿಡುವ ಸಮಯದಲ್ಲಿ ಟೀ ಸೊಳ್ಳೆ ಎಂಬ ಕೀಟ ಬರುತ್ತದೆ, ಚಿಗುರು, ಹೂ ಎಲ್ಲ ಕರಟಿ ಹೋಗುತ್ತದೆ. ಅದಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಮದ್ದು ಬಿಡುತ್ತಿದ್ದರು. ಬಾವಿ ಮುಚ್ಚಿ ಎಂದು ಹೇಳಿ ಹೋಗುತ್ತಿದ್ದರು. ನಾವು ತೆಂಗಿನ ಮಡಲು ಅಡ್ಡ ಇಟ್ಟು, ಅದರ ಮೇಲೆ ಹಳೆ ಸೀರೆ ಹಾಸುತ್ತಿದ್ದೆವು. ಮಡಲಿನ ಸಂದಿಯಿಂದ ಸೂರ್ಯನ ಬೆಳಕೇ ಬಾವಿಗೆ ಬೀಳುತ್ತದೆ, ಮದ್ದು ಬೀಳದೆ ಇರುತ್ತದಾ? ಮಕ್ಕಳು ಹೆಲಿಕಾಪ್ಟರ್ ನೋಡಲು ಗದ್ದೆಗೆ ಓಡುತ್ತಿದ್ದರು. ಆಮೇಲೆ ತೋಟದಲ್ಲಿ ಜೇನು ಸತ್ತು ಬಿದ್ದಿರುತ್ತಿತ್ತು. ಹೀರೆ ಚಪ್ಪರದ ಎಲೆಯ ಮೇಲೆ ಬಿಳಿ ಚುಕ್ಕೆ. ತೊಳೆದು ಪಲ್ಯ ಮಾಡಿದ್ದೇವೆ. ಅದೇ ಬಾವಿಯ ನೀರು ಕುಡಿದಿದ್ದೇನೆ.

ಆ ಕಾಲದಲ್ಲಿ ಮಲೇರಿಯಾದವರು ಗೋಡೆಗೆ ಡಿಡಿಟಿ ಹೊಡೆದು ಹೋಗುವಾಗ ಬಾಗಿಲ ಪಕ್ಕ ತಾರೀಕು ಬರೆಯುತ್ತಿದ್ದರು. ಎಷ್ಟೋ ಹಳೆ ಮನೆಗಳಲ್ಲಿ ಆ ಗುರುತು ಈಗಲೂ ಉಂಟು. ಹೆಲಿಕಾಪ್ಟರ್ ಬಂದ ತಾರೀಕನ್ನು ನಮ್ಮ ಯಾರ ಮನೆಯ ಗೋಡೆಯಲ್ಲೂ ಯಾರೂ ಬರೆಯಲಿಲ್ಲ.

ಡಾಕ್ಟರಲ್ಲಿಂದ ಬಂದ ಮೇಲೆ ಓದಲು ಶುರು ಮಾಡಿದೆ. ಹಾರ್ಮೋನನ್ನು ಕೆಡಿಸುವ ರಾಸಾಯನಿಕಗಳು ಎಂಬ ಒಂದು ಗುಂಪೇ ಇದೆ. ನಮ್ಮ ದೇಹದ ಹಾರ್ಮೋನಿನ ಹಾಗೆ ನಟಿಸಿ, ಅಥವಾ ಅದರ ದಾರಿಗೆ ಅಡ್ಡ ನಿಂತು ಕೆಲಸ ಕೆಡಿಸುತ್ತವೆ. ಎಂಡೋಸಲ್ಫಾನ್ ಅಂಥದ್ದು. ಡಿಡಿಟಿಯೂ ಅಂಥದ್ದು. ಹೊಟ್ಟೆಯಲ್ಲಿರುವ ಶಿಶುವಿಗೆ ಇವು ತಗಲುವ ಹೊತ್ತು ಬಹಳ ಮುಖ್ಯ. ನಾನು ನರ್ಸಿಂಗ್ ಕಲಿಯುವಾಗಲೇ ಓದಿದ್ದ ಒಂದು ವಿಷಯ ಈಗ ಬೇರೆಯೇ ರೀತಿ ಅರ್ಥವಾಯಿತು. ಹೆಣ್ಣು ಶಿಶು ಐದು ತಿಂಗಳು ತುಂಬುವಾಗಲೇ ಅದರ ಅಂಡಾಶಯದಲ್ಲಿ 60, 70 ಲಕ್ಷ ಅಂಡಾಣುಗಳು ಇರುತ್ತವೆ. ಆಮೇಲೆ ಕಡಿಮೆಯಾಗುತ್ತಾ ಹೋಗುತ್ತವೆ, ಹೊಸತು ಹುಟ್ಟುವುದಿಲ್ಲ. ಅಂದರೆ ಆ ಡಿಸೆಂಬರಿನಲ್ಲಿ ನಾನು ಬಾವಿಯಿಂದ ಕೊಡ ಎತ್ತುವಾಗ, ನನ್ನೊಳಗೆ ಮಗಳು, ಮಗಳೊಳಗೆ ಈ ಮೊಮ್ಮಗಳಾದ ಅಂಡಾಣು. ಮೂವರೂ ಅಲ್ಲೇ ಇದ್ದೆವು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನನ್ನ ಮೊಮ್ಮಗಳಿಗೆ ಆದದ್ದು ಎಂಡೋಸಲ್ಫಾನಿನಿಂದಲೇ ಎಂದು ನಾನು ಬರೆಯುತ್ತಿಲ್ಲ. ಮಕ್ಕಳು ಬೇಗ ದೊಡ್ಡವರಾಗಲು ತೂಕ, ಊಟ ಹೀಗೆ ಬೇರೆ ಕಾರಣಗಳೂ ಇವೆ. ಒಂದು ಮನೆಯ ಕಥೆಯಿಂದ ಏನೂ ಸಾಬೀತಾಗುವುದಿಲ್ಲ. ಸಾವಿರ ಮನೆಯ ಲೆಕ್ಕ ಬೇಕು. ಆ ಲೆಕ್ಕ ಇಡಿ ಎಂದು ಕೇಳುವುದಕ್ಕೇ ಈ ಪತ್ರ.

ಲೆಕ್ಕ ಇಟ್ಟಲ್ಲಿ ಏನು ಗೊತ್ತಾಯಿತು ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್ಲೆಂಡ್ ಎಂಬ ಊರು. 1959ರಿಂದ 1967ರ ವರೆಗೆ ಅಲ್ಲಿ 20 ಸಾವಿರಕ್ಕೂ ಹೆಚ್ಚು ಬಸುರುಗಳ ದಾಖಲೆ ಬರೆದಿಟ್ಟರು. ತಾಯಂದಿರ ರಕ್ತವನ್ನೂ ತೆಗೆದು ಶೀತಲದಲ್ಲಿ ಇಟ್ಟರು. ಆಗ ಅಲ್ಲಿ ಡಿಡಿಟಿ ಹೊಲದಲ್ಲಿ, ಮನೆಯಲ್ಲಿ, ಎಲ್ಲ ಕಡೆ ಇತ್ತು. ಬಾರ್ಬರಾ ಕೋನ್ ಎಂಬ ವಿಜ್ಞಾನಿಯ ತಂಡ ಎಷ್ಟೋ ವರ್ಷದ ಮೇಲೆ ಆ ರಕ್ತವನ್ನು ತೆಗೆದು ನೋಡಿತು. ಬಸುರಿಯಾಗಿದ್ದಾಗ ಡಿಡಿಟಿ ಜಾಸ್ತಿ ಇದ್ದವರ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಸುಮಾರು ನಾಲ್ಕು ಪಟ್ಟು ಎಂದು 2015ರಲ್ಲಿ ಹೇಳಿದರು. 2021ರಲ್ಲಿ ಮೊಮ್ಮಕ್ಕಳ ವಿಷಯ ಬಂತು. ಅಜ್ಜಿಯ ರಕ್ತದಲ್ಲಿ ಒಂದು ಬಗೆಯ ಡಿಡಿಟಿ ಜಾಸ್ತಿ ಇದ್ದಲ್ಲಿ, ಮೊಮ್ಮಗಳು 11 ತುಂಬುವ ಮೊದಲೇ ದೊಡ್ಡವಳಾಗುವುದು ಎರಡು ಪಟ್ಟು, ಬೊಜ್ಜು ಎರಡರಿಂದ ಮೂರು ಪಟ್ಟು. ಆ ಮೊಮ್ಮಗಳು ಹುಟ್ಟುವಾಗ ಅಲ್ಲಿ ಡಿಡಿಟಿ ನಿಷೇಧವಾಗಿ ಎಷ್ಟೋ ಕಾಲವಾಗಿತ್ತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಹೆದರಿಕೆಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ ದಾಖಲೆ. ಯಾರೋ ನನ್ನಂಥ ನರ್ಸುಗಳೇ ಅಲ್ವಾ ಆ ರಕ್ತ ತೆಗೆದು, ಶೀಶೆಗೆ ಹೆಸರು ಅಂಟಿಸಿದ್ದು? 50 ವರ್ಷದ ಮೇಲೆ ಅದು ಮಾತಾಡಿತು.

ಇನ್ನೊಂದು ಕಥೆ ಡಿಇಎಸ್ ಎಂಬ ಮಾತ್ರೆಯದ್ದು. 1938ರಲ್ಲಿ ಕಂಡುಹಿಡಿದ ಕೃತಕ ಹಾರ್ಮೋನು. ಗರ್ಭ ಇಳಿಯಬಾರದು ಎಂದು ಅಮೆರಿಕದಲ್ಲಿ ಲಕ್ಷಾಂತರ ಬಸುರಿಯರಿಗೆ ಕೊಟ್ಟರು. ತಾಯಂದಿರಿಗೆ ಆಗ ಏನೂ ಆದ ಹಾಗೆ ಕಾಣಲಿಲ್ಲ. 1971ರಲ್ಲಿ ಬಾಸ್ಟನ್ನಿನ ಡಾಕ್ಟರ್ ಆರ್ಥರ್ ಹರ್ಬ್‌ಸ್ಟ್ ಮತ್ತು ಜೊತೆಯವರು ಎಂಟು ಯುವತಿಯರ ವಿಷಯ ಬರೆದರು. ಎಂಟೂ ಜನರಿಗೆ ಯೋನಿಯ ಅಪರೂಪದ ಕ್ಯಾನ್ಸರ್. ಅವರಲ್ಲಿ ಏಳು ಜನರ ತಾಯಂದಿರು ಬಸುರಿಯಾಗಿದ್ದಾಗ ಆ ಮಾತ್ರೆ ನುಂಗಿದ್ದರು. ಮೊದಲು ಆ ಸಂಶಯ ಎತ್ತಿದ್ದು ಒಬ್ಬ ತಾಯಿಯೇ. ನಾನು ಆಗ ಒಂದು ಮಾತ್ರೆ ತಗೊಂಡಿದ್ದೆ, ಅದರಿಂದ ಹೀಗಾಗಿರಬಹುದಾ ಎಂದು ಡಾಕ್ಟರನ್ನು ಕೇಳಿದಳು. ಆಮೇಲೆ ಅಂಥವರದ್ದೇ ಒಂದು ನೋಂದಣಿ ಶುರುವಾಯಿತು. ಈಗ ಮೊಮ್ಮಕ್ಕಳನ್ನೂ ನೋಡುತ್ತಿದ್ದಾರೆ.

ಇದು ಮೈಯಲ್ಲಿ ಹೇಗೆ ದಾಟುತ್ತದೆ ಎಂದು ಮಗಳು ನನಗೆ ಕೇಳಿದಳು. "ಅಮ್ಮ, ಜೀನ್ ಹಾಳಾಗ್ತದಾ?" ಅವಳಿಗೆ ನಮ್ಮ ಅಡಿಕೆ ತೋಟದ ಪೈಪು ತೋರಿಸಿ ಹೇಳಿದೆ. ಪೈಪು ಹಾಗೇ ಇರುತ್ತದೆ. ಯಾವ ಗೇಟ್ ವಾಲ್ವ್ ತೆರೆದಿದೆ, ಯಾವುದು ಮುಚ್ಚಿದೆ ಎನ್ನುವುದು ಬದಲಾಗುತ್ತದೆ. ಜೀನಿನ ಮೇಲೂ ಹಾಗೆ ತೆರೆ, ಮುಚ್ಚು ಎಂದು ಹೇಳುವ ಸಣ್ಣ ಗುರುತುಗಳಿವೆ. ಅಂಡಾಣು, ವೀರ್ಯಾಣು ತಯಾರಾಗುವಾಗ ಹಳೆ ಗುರುತುಗಳನ್ನು ಹೆಚ್ಚುಕಡಿಮೆ ಅಳಿಸಿ ಹೊಸದಾಗಿ ಹಾಕುವ ಕೆಲಸ ಆಗುತ್ತದೆ. ಸರಿಯಾಗಿ ಆ ಹೊತ್ತಿಗೆ ಇಂಥ ರಾಸಾಯನಿಕ ಬಂದು ಸೇರಿದರೆ ತಪ್ಪು ಗುರುತು ಬೀಳಬಹುದು, ಅದು ಮುಂದಕ್ಕೂ ಹೋಗಬಹುದು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಿನ್ನರ್ 2005ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ನಾವು ಕೊಳೆರೋಗಕ್ಕೆ ಬೋರ್ಡೋ ಬಿಡುವ ಹಾಗೆ ದ್ರಾಕ್ಷಿಗೆ ಹೊಡೆಯುವ ವಿನ್‌ಕ್ಲೋಜೋಲಿನ್ ಎಂಬ ಮದ್ದು. ಗಬ್ಬದ ಇಲಿಗೆ ಕೆಲವು ದಿನ ಮಾತ್ರ ಕೊಟ್ಟರು. ನಾಲ್ಕನೇ ತಲೆಮಾರಿನ ಗಂಡು ಇಲಿಗಳಲ್ಲೂ ವೀರ್ಯಾಣು ಕಡಿಮೆ ಇತ್ತು. ಇಲಿಗೆ ಕೊಟ್ಟ ಪ್ರಮಾಣ ಬಹಳ ದೊಡ್ಡದು, ಮನುಷ್ಯ ಇಲಿಯಲ್ಲ, ಅದೆಲ್ಲ ಸರಿ. ಆದರೂ ದಾರಿ ಒಂದಿದೆ ಎಂದು ಗೊತ್ತಾಯಿತು.

ಈಗ ನಮ್ಮ ಊರಿಗೆ ಬರುತ್ತೇನೆ. ಗಡಿಯ ಆಚೆ ಕಾಸರಗೋಡಿನ ಪಡ್ರೆ. ಅಲ್ಲಿಯೂ ಕನ್ನಡ, ತುಳು ಮಾತಾಡುವ ನಮ್ಮದೇ ಜನ. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ಗೇರು ಗುಡ್ಡೆಗಳ ಮೇಲೆ ಇದೇ ಮದ್ದು ಬಿದ್ದಿತ್ತು. ಅಲ್ಲಿ ಕುಡಿಯಲು ಗುಡ್ಡೆ ಕೊರೆದ ಸುರಂಗದಿಂದ ಹರಿದು ಬರುವ ನೀರು. ಬಾವಿಗಾದರೆ ಮಡಲಾದರೂ ಮುಚ್ಚಬಹುದು, ಹರಿಯುವ ನೀರಿಗೆ ಏನು ಮುಚ್ಚುವುದು? ಊರಿನ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇವರೆಲ್ಲ ಬರೆದು ಬರೆದು ಲೋಕಕ್ಕೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು ಪರೀಕ್ಷೆ ಮಾಡಿದರು. ಮದ್ದು ಬೀಳದ ಕಡೆಯ 90 ಹುಡುಗರ ಜೊತೆ ಹೋಲಿಸಿದರು. ಮದ್ದು ತಗಲಿದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿರಬಹುದು, ಟೆಸ್ಟೋಸ್ಟಿರಾನ್ ಹಾರ್ಮೋನಿನಲ್ಲಿ ಏರುಪೇರು ಇದೆ ಎಂದು 2003ರಲ್ಲಿ ಪ್ರಕಟಿಸಿದರು.

ಆ 117 ಹುಡುಗರು ಈಗ 30, 40 ದಾಟಿದ ಗಂಡಸರು. ತುಂಬಾ ಜನ ಅಪ್ಪಂದಿರಾಗಿರಬೇಕು. ಅವರ ಮಕ್ಕಳು ಹೇಗಿದ್ದಾರೆ? ಬೇಗ ದೊಡ್ಡವರಾದರಾ, ತಡವಾಯಿತಾ? ಮಕ್ಕಳಾಗಲು ಅವರಿಗೆ ಕಷ್ಟವಾಯಿತಾ? ಈ ಪ್ರಶ್ನೆ ಕೇಳಬೇಕಾದ ಸಮಯ ಇದೇ ಅಲ್ವಾ?

ನಮ್ಮ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯೂ ಅಷ್ಟೇ. ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ಇಡೀ ದೇಶದಲ್ಲಿ ತಡೆಯಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಸಂತ್ರಸ್ತರ ಪಟ್ಟಿ ಆಯಿತು. ಮಾಸಾಶನ ಬರುತ್ತದೆ. ಪಾಲನಾ ಕೇಂದ್ರಗಳಾದವು. ಮಲಗಿದಲ್ಲೇ ಇರುವ ಮಗನನ್ನು 30 ವರ್ಷ ಎತ್ತಿ ಸ್ನಾನ ಮಾಡಿಸಿದ ತಾಯಂದಿರಿಗೆ ಅದು ಎಷ್ಟು ದೊಡ್ಡದು ಎಂದು ಮನೆಮನೆಗೆ ಹೋದ ನನಗೆ ಗೊತ್ತು. ಅವರ ಪಾಲಿನಿಂದ ಒಂದು ರೂಪಾಯಿ ತೆಗೆದು ಬೇರೆಯವರಿಗೆ ಕೊಡಿ ಎಂದು ನಾನು ಕೇಳುತ್ತಿಲ್ಲ.

ಆದರೆ ಮಾಸಾಶನಕ್ಕೆ ಅಂಗವೈಕಲ್ಯ ಇರಬೇಕು. ಅದಕ್ಕೆ ಇಷ್ಟು ಶೇಕಡಾ ಎಂಬ ಸರ್ಟಿಫಿಕೇಟ್ ಬೇಕು. ಹಾರ್ಮೋನಿನ ತೊಂದರೆಗೆ ಶೇಕಡಾ ಹಾಕುವುದು ಹೇಗೆ? ಮೂರು ಸಲ ಗರ್ಭ ಇಳಿದ ಹೆಂಗಸಿಗೆ ಶೇಕಡಾ ಎಷ್ಟು? ಇನ್ನೂ ಒಂದು ತೊಡಕು ಉಂಟು, ಇದು ನಮ್ಮ ಹೆಣ್ಣುಮಕ್ಕಳದ್ದು. ಪಟ್ಟಿ ಇರುವುದು ಊರಿನ ಲೆಕ್ಕದಲ್ಲಿ. ಹೆಣ್ಣುಮಕ್ಕಳು ಊರಿನಲ್ಲಿ ಇರುವುದಿಲ್ಲ. ನಮ್ಮ ಗುಡ್ಡೆಯ ಕೆಳಗೆ ಹುಟ್ಟಿದ ಹುಡುಗಿಯರು ಮದುವೆಯಾಗಿ ಸುಳ್ಯಕ್ಕೆ, ಕುಂದಾಪುರಕ್ಕೆ, ಬೆಂಗಳೂರಿಗೆ, ಮುಂಬೈಗೆ ಹೋಗಿದ್ದಾರೆ. ಅವರು ಅಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಪಿಸಿಒಡಿಗೆ ಮದ್ದು ಮಾಡುತ್ತಿದ್ದರೆ, ಆ ಡಾಕ್ಟರಿಗೆ ಕೊಕ್ಕಡ ಎಂದರೆ ಏನು ಗೊತ್ತಾಗಬೇಕು?

ತುಳುನಾಡಿನಲ್ಲಿ ಅಮ್ಮನ ಬರಿ, ಅಂದರೆ ತಾಯಿ ಕಡೆಯ ಕುಲ, ಯಾವುದು ಎಂದು ಕೇಳದೆ ಸಂಬಂಧ ಮಾಡುವುದಿಲ್ಲ. ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ ಅಳಿಯಸಂತಾನದ ಮನೆಗಳಲ್ಲಿ ಅಜ್ಜಿಯ ತರವಾಡು ಮನೆ ಯಾವುದು ಎಂದು ಸಣ್ಣ ಮಗುವೂ ಹೇಳುತ್ತದೆ. ಇಂಥ ಜನರಲ್ಲಿ, ನಿಮ್ಮ ಅಮ್ಮ ಹೊಟ್ಟೆಯಲ್ಲಿದ್ದಾಗ ಅಜ್ಜಿ ಯಾವ ಊರಿನ ನೀರು ಕುಡಿದಿದ್ದರು ಎಂದು ಕೇಳುವುದು ಕಷ್ಟವಲ್ಲ.

ನಾನು ಕೇಳುವುದು ಇಷ್ಟೇ. ಈ ಮೂರು ಜಿಲ್ಲೆಗಳಲ್ಲಿ ಕೊಡುವ ತಾಯಿ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿ. ಬಸುರಿಯ ತಾಯಿ, ಬಸುರಿಯ ಅತ್ತೆ, ಇಬ್ಬರೂ 1980ರಿಂದ 2000ದ ವರೆಗೆ ಎಲ್ಲಿದ್ದರು? ಗೇರು ತೋಟದ ಹತ್ತಿರವೇ? ಅತ್ತೆಯನ್ನು ಯಾಕೆ ಕೇಳಬೇಕೆಂದರೆ, ಮಗುವಿನ ಅಪ್ಪನೂ ಒಂದು ಹೊಟ್ಟೆಯಿಂದಲೇ ಬಂದವನು. ಮೊದಲ ಹೆರಿಗೆಗೆ ತವರಿಗೆ ಹೋಗುವವರು ನಾವು. ಆದ್ದರಿಂದ ಗಂಡನ ಮನೆಯ ವಿಳಾಸ ಮಾತ್ರ ಬರೆದುಕೊಂಡರೆ ಸಾಲದು, ಹೆಂಗಸು ಯಾವ ತಿಂಗಳಲ್ಲಿ ಎಲ್ಲಿದ್ದಳು ಎಂದು ಕೇಳಬೇಕು. ಆಶಾ ಕಾರ್ಯಕರ್ತೆ ಕೇಳಿ ಬರೆದರೆ ಎರಡು ನಿಮಿಷದ ಕೆಲಸ. ಹೇಗೂ ಈಗ ಪ್ರತಿ ಬಸುರಿಗೂ ಸರ್ಕಾರಿ ದಾಖಲೆಯ ಆರ್‌ಸಿಎಚ್ ನಂಬರ್ ಇದೆ, ಅದರ ಜೊತೆಗೇ ಈ ಉತ್ತರವೂ ಹೋಗಲಿ. ಮುಂದೆ ಮಗುವಿನ ತೂಕ, ಬೆಳವಣಿಗೆ, ಯಾವಾಗ ದೊಡ್ಡವಳಾದಳು, ಇದೆಲ್ಲ ಅದೇ ನಂಬರಿಗೆ ಸೇರಲಿ.

ಜೊತೆಗೆ, ಉಪಕೇಂದ್ರಗಳ ಹಳೆ ರಿಜಿಸ್ಟರುಗಳನ್ನು ದಯವಿಟ್ಟು ಉಳಿಸಿ. 1980, 90ರ ದಶಕದಲ್ಲಿ ನಾವು ಕೈಯಲ್ಲಿ ಬರೆದ ಬಸುರಿಯರ ಪುಸ್ತಕಗಳು. ಯಾರಿಗೆ ಗರ್ಭ ಇಳಿಯಿತು, ಯಾರಿಗೆ ಎಷ್ಟು ತೂಕದ ಮಗು ಹುಟ್ಟಿತು, ಎಲ್ಲ ಅದರಲ್ಲಿದೆ. ಒಂದು ಕಡೆ ಗೆದ್ದಲು ತಿಂದದ್ದನ್ನು, ಇನ್ನೊಂದು ಕಡೆ ಗುಜರಿಗೆ ಕಟ್ಟಿಟ್ಟದ್ದನ್ನು ನಾನೇ ನೋಡಿದ್ದೇನೆ. ಓಕ್ಲೆಂಡಿನ ಹಾಗೆ ನಮ್ಮಲ್ಲಿ ರಕ್ತ ತೆಗೆದಿಟ್ಟಿಲ್ಲ. ನಮ್ಮ ಹತ್ತಿರ ಇರುವುದು ಈ ಪುಸ್ತಕಗಳು, ಮತ್ತೆ ಅಜ್ಜಿಯಂದಿರ ನೆನಪು.

ಒಂದು ಎಚ್ಚರ ಮಾತ್ರ ಬೇಕು. ಬರೆದದ್ದು ಗುಟ್ಟಾಗಿ ಇರಬೇಕು. ಎಂಡೋ ಊರಿನ ಹುಡುಗಿ ಎಂದು ಸಂಬಂಧ ಬಿಟ್ಟುಹೋದದ್ದನ್ನು ನಾನು ಕಂಡಿದ್ದೇನೆ. ನಿಶ್ಚಯದ ಹಿಂದಿನ ದಿನ ಹುಡುಗನ ಕಡೆಯವರು ಫೋನ್ ಮಾಡಿ ಬೇಡ ಎಂದರು. ಆ ಹುಡುಗಿಯ ಅಮ್ಮ ನನ್ನ ಹತ್ತಿರ ಬಂದು, "ನರ್ಸಮ್ಮ, ನೀವು ಒಂದು ಕಾಗದ ಬರೆದುಕೊಡಿ, ಇವಳಿಗೆ ಏನೂ ಇಲ್ಲ ಅಂತ" ಎಂದು ಕೈ ಹಿಡಿದು ಅತ್ತಳು. ಅಂಥ ಕಾಗದ ಬರೆಯುವ ಅಧಿಕಾರ ನನಗಿರಲಿಲ್ಲ. ಆ ಹುಡುಗಿಗೆ ಮುಂದಿನ ವರ್ಷ ಬೇರೆ ಕಡೆ ಮದುವೆಯಾಯಿತು. ಎರಡು ಮಕ್ಕಳು, ಆರೋಗ್ಯವಾಗಿದ್ದಾರೆ. ನಮ್ಮ ಊರಿನ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಈ ಪತ್ರ ಓದಿ ಯಾವ ಬಸುರಿಯೂ ಹೆದರಬಾರದು. ಸಂಶಯ ಇದ್ದರೆ ಡಾಕ್ಟರಿಗೆ ಊರಿನ ಹೆಸರು ಹೇಳಿ, ಅಷ್ಟು ಸಾಕು. ನನ್ನ ಹೆಸರನ್ನು ಅಚ್ಚು ಹಾಕಬೇಡಿ ಎಂದು ಕೇಳುತ್ತಿರುವುದೂ ಇದಕ್ಕೇ. ಮೊಮ್ಮಗಳು ಇನ್ನೂ ಸಣ್ಣವಳು.

ಪ್ಲಾಸ್ಟಿಕ್ಕಿನ ವಿಷಯವನ್ನೂ ಬರೆಯಿರಿ ಎಂದು ಮಗಳು ಹೇಳಿದಳು. ಹೋಟೆಲಿನಿಂದ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ತರುವ ಅಭ್ಯಾಸ ಬಿಡಿ ಎಂದಷ್ಟೇ ಹೇಳುತ್ತೇನೆ, ಬಸುರಿಯರಿದ್ದ ಮನೆಯಲ್ಲಂತೂ ಬೇಡ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿರುವ ಬಿಪಿಎ ಎಂಬ ರಾಸಾಯನಿಕ ಕೂಡ ಹಾರ್ಮೋನನ್ನು ಕೆಡಿಸುವಂಥದ್ದೇ. ದಿನಕ್ಕೆ ಎಷ್ಟು ಹೊಟ್ಟೆಗೆ ಹೋದರೆ ಪರವಾಗಿಲ್ಲ ಎಂಬ ಮಿತಿಯನ್ನು ಯುರೋಪಿನವರು 2023ರಲ್ಲಿ ಒಮ್ಮೆಲೇ 20 ಸಾವಿರ ಪಟ್ಟು ಇಳಿಸಿದ್ದಾರೆ.

ಸರ್ಕಾರ ಮಾಡುವ ತನಕ ಸುಮ್ನೆ ಕೂರಬಾರದೆಂದು ನಾನೇ ಒಂದು ಉದ್ದ ಪುಸ್ತಕ ತಂದು ಗೆರೆ ಹಾಕಿದೆ. ವಾರಕ್ಕೆ ಎರಡು ದಿನ ಹಳೆ ಮನೆಗಳಿಗೆ ಹೋಗುತ್ತೇನೆ. ಅಜ್ಜಿಯ ಹೆಸರು, ಯಾವ ವರ್ಷ ಬಸುರಿ, ಯಾವ ಬಾವಿ, ಗುಡ್ಡೆಗೆ ಎಷ್ಟು ದೂರ, ಮಕ್ಕಳು, ಮೊಮ್ಮಕ್ಕಳು. ಇಲ್ಲಿಯವರೆಗೆ 31 ಮನೆ ಆಯಿತು. ಒಬ್ಬ ಅಜ್ಜಿ ಗೇರು ತೋಟದ ಕೆಲಸಕ್ಕೆ ಹೋಗುತ್ತಿದ್ದವರು. ಡ್ರಮ್ಮಿಗೆ ನೀರು ಹೊತ್ತು ಮದ್ದು ಕಲಸಿದವರು. ಏಳು ಸಲ ಬಸುರಿಯಾಗಿ ಮೂರು ಮಕ್ಕಳು ಉಳಿದವು ಎಂದು ಹೇಳಿದರು. ಯಾವ ಯಾವ ವರ್ಷ ಎಂದು ಕೇಳಿದೆ. "ನಾಳೆ ಬಾ ಮಗಾ, ನೆನಪು ಮಾಡಿ ಹೇಳ್ತೇನೆ" ಎಂದರು. ಜೋರು ಮಳೆ ಹಿಡಿದು ನನಗೆ ನಾಲ್ಕು ದಿನ ಹೋಗಲು ಆಗಲಿಲ್ಲ. ಆಟಿ ತಿಂಗಳಲ್ಲೇ ಅವರು ತೀರಿಕೊಂಡರು.

ಆರೋಗ್ಯ ಇಲಾಖೆಯವರು, ವೈದ್ಯಕೀಯ ಕಾಲೇಜಿನವರು ಯಾರು ಕೇಳಿದರೂ ಪುಸ್ತಕ ಕೊಡಲು ನಾನು ಸಿದ್ಧ. ನನ್ನ ವಿಳಾಸ, ಫೋನ್ ನಂಬರನ್ನು ಬೇರೆ ಹಾಳೆಯಲ್ಲಿ ಬರೆದು ನಿಮಗೆ ಕಳಿಸಿದ್ದೇನೆ. ಮಳೆ ಬಿಟ್ಟ ಮೇಲೆ ಬಂದರೆ ಆ ಬಾವಿಗಳನ್ನೂ ತೋರಿಸುತ್ತೇನೆ. ಗುಡ್ಡೆ ಹತ್ತಲು ನನಗೆ ಈಗಲೂ ಆಗುತ್ತದೆ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ, ಬೆಳ್ತಂಗಡಿ ತಾಲೂಕು